ಶೇಂಗಾಳ ಹಗ್ಗ

ಮಣಿಕೊಂಡ
12 ಜೂನ್ 2005

ತೀರ್ಥರೂಪ ಅಪ್ಪನವರಿಗೆ,

ಇಲ್ಲಿ ‘ಸಾಷ್ಟಾಂಗ ನಮಸ್ಕಾರಗಳು’ ಎಂದು ಬರೆಯಬೇಕು. ನೀವೇ ಕಲಿಸಿದ್ದು. ಆದರೆ ಸದ್ಯಕ್ಕೆ ನನ್ನ ಬೆನ್ನು ಬಾಗುತ್ತಿಲ್ಲ, ಮನಸ್ಸಂತೂ ಮೊದಲೇ ಬಾಗುತ್ತಿಲ್ಲ. ಹಾಗಾಗಿ ಅದನ್ನು ಬಿಟ್ಟು ಮುಂದಕ್ಕೆ ಹೋಗುತ್ತೇನೆ.

ಒಂದೇ ಊರೊಳಗೆ, ಮಣಿಕೊಂಡದಿಂದ ಕೂಕಟ್‌ಪಲ್ಲಿಗೆ ಅಂಚೆಯಲ್ಲಿ ಕಾಗದ ಹಾಕುವ ಮಗಳು ನಾನೊಬ್ಬಳೇ ಇರಬೇಕು. ಫೋನು ಮಾಡಿದರೆ ನೀವು ನಡುವೆ ಬಾಯಿ ಹಾಕುತ್ತೀರಿ, ನಾನು ಅಳುತ್ತೇನೆ, ಅವ್ವ ರಿಸೀವರ್ ಕಸಿದುಕೊಂಡು "ಊಟ ಆತೇನು?" ಅನ್ನುತ್ತಾಳೆ. ಅಲ್ಲಿಗೆ ಮುಗಿಯಿತು. ಕಾಗದವಾದರೆ ನಾನು ಹೇಳುವುದನ್ನು ನೀವು ಕೊನೆಯವರೆಗೂ ಓದಲೇಬೇಕು.

ನಿನ್ನೆ ಆಸ್ಪತ್ರೆಯಿಂದ ಬಂದವಳು ಇವತ್ತು ಕ್ಯಾಬ್ ಮಾಡಿಕೊಂಡು ಗಂಡಿಪೇಟ ಆಚೆಗಿನ ಕುದುರೆ ಸವಾರಿ ಶಾಲೆಗೆ ಹೋದೆ. ಶೇಂಗಾಳ ಲಾಯ ಖಾಲಿ. ನೆಲ ತೊಳೆದು ಒಣಗಿಹೋಗಿತ್ತು. ಲಾಯದವನು ನನ್ನ ಮುಖ ನೋಡಲಾರದೆ, "ಮೀ ನಾನ್ನಗಾರು ತೀಸ್ಕೆಳ್ಳಾರಮ್ಮಾ" ಎಂದ. ನಿಮ್ಮಪ್ಪ ಒಯ್ದರು! ನನ್ನ ಕುದುರೆಯನ್ನು, ನನ್ನನ್ನು ಕೇಳದೆ, ನಾನು ಹಾಸಿಗೆ ಹಿಡಿದ ಹೊತ್ತು ನೋಡಿ, ನನ್ನ ಅಪ್ಪನೇ ಒಯ್ದರು. ಕಳ್ಳರು ಒಯ್ದಿದ್ದರೆ ಪೊಲೀಸರ ಹತ್ತಿರವಾದರೂ ಹೋಗಬಹುದಿತ್ತು.

ನನ್ನ ಜೊತೆ ಮಾದಾಪುರದ ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸಕ್ಕೆ ಸೇರಿದವರೆಲ್ಲ ಫ್ಲ್ಯಾಟು ಕೊಂಡರು. ನಾನು ರೇಸಿನಲ್ಲಿ ಯಾವತ್ತೂ ಗೆಲ್ಲದ ಒಂದು ಹೆಣ್ಣು ಕುದುರೆ ಕೊಂಡೆ. ಹುರಿದ ಶೇಂಗಾದ ಬಣ್ಣದವಳೆಂದು ಅದೇ ಹೆಸರಿಟ್ಟೆ. ನೀವು ತಿಂಗಳುಗಟ್ಟಲೆ ಗೊಣಗಿದಿರಿ. ಗೊಣಗುತ್ತಲೇ ಬಿಳಿ ಕೆಂಪು ನೂಲು ತಂದು, ಬಾಲ್ಕನಿಯ ಕಂಬಿಗೆ ಸಿಕ್ಕಿಸಿ, ಹೆಣೆದು ಹೆಣೆದು ಅವಳಿಗೊಂದು ಹಗ್ಗ ಮಾಡಿಕೊಟ್ಟಿರಿ. ಆ ಹಗ್ಗವನ್ನು ನಾನು ಲಾಯದ ಮೊಳೆಗೆ ಹಾಕುತ್ತಿದ್ದೆ. ಇವತ್ತು ಆ ಮೊಳೆಯೂ ಖಾಲಿ.

ಡಾಕ್ಟರು ಏನು ಹೇಳಿದರೆಂದು ನನಗೆ ಗೊತ್ತು. ಬೆನ್ನುಮೂಳೆಯ ಗಂಟುಗಳು ಒಂದಕ್ಕೊಂದು ಬೆಸೆದುಕೊಳ್ಳುತ್ತಿವೆ, ಇದು ವಾಸಿಯಾಗುವ ಕಾಯಿಲೆಯಲ್ಲ, ಕುದುರೆಯಿಂದ ಬಿದ್ದರೆ ಬೆನ್ನು ಮುರಿಯಬಹುದು, ಸವಾರಿ ಬಿಡಬೇಕು. ಅವರು ಹೇಳಿದ್ದು ನನಗೆ. ಬಿಡುತ್ತೇನೆ ಎಂದಿದ್ದೆ. ಒಮ್ಮೆ ಹತ್ತಿ, ಬರೀ ನಡಿಗೆಯಲ್ಲಿ ಒಂದು ಸುತ್ತು ಹಾಕಿ, ಮೈ ತಿಕ್ಕಿ, ಅವಳನ್ನು ಯಾರ ಕೈಗೆ ಕೊಡಬೇಕೆಂದು ನಾನೇ ನೋಡಿ ಕೊಡುತ್ತೇನೆ ಎಂದುಕೊಂಡಿದ್ದೆ. ಬಿಡುವುದು ನನ್ನ ಕೆಲಸವಾಗಿತ್ತು, ಅಪ್ಪಾ. ಅದನ್ನೂ ನೀವು ಕಸಿದುಕೊಂಡಿರಿ.

ಇನ್ನು ಹಗ್ಗ. ಭಾಲ್ಕಿಯ ನಮ್ಮ ಮನೆತನದಲ್ಲಿ ಎತ್ತು ಕೊಟ್ಟರೂ ಹಗ್ಗ ಕೊಡುವುದಿಲ್ಲ, ಮನೆಯವರು ತಮ್ಮ ಹಗ್ಗ ಬಿಚ್ಚಿಕೊಂಡ ಮೇಲೆಯೇ ಕೊಂಡವನು ತನ್ನದು ಹಾಕುತ್ತಾನೆ, ಹಗ್ಗ ಮನೆಯಲ್ಲಿ ಉಳಿದರೆ ದನ ಮತ್ತೆ ಬರುತ್ತದೆ ಎಂದು ಚಿಕ್ಕಂದಿನಿಂದ ನನ್ನ ಕಿವಿ ತೂತಾಗುವಷ್ಟು ಸಲ ಹೇಳಿದ್ದೀರಿ. ಆ ಹಗ್ಗ ಎಲ್ಲಿ? ಅದನ್ನೂ ಕುದುರೆಯ ಕೊರಳಲ್ಲೇ ಬಿಟ್ಟು ಕೊಟ್ಟಿರಾ?

ಶೇಂಗಾ ಎಲ್ಲಿದ್ದಾಳೆ? ಒಂದು ಸಾಲು ಬರೆದರೆ ಸಾಕು.

ಶುಭಾ

ಕೂಕಟ್‌ಪಲ್ಲಿ
19 ಜೂನ್ 2005

ಚಿ. ಶುಭಾಳಿಗೆ ಆಶೀರ್ವಾದಗಳು. ನೀನು ನಮಸ್ಕಾರ ಬಿಟ್ಟರೂ ನಾನು ಇದನ್ನು ಬಿಡುವುದಿಲ್ಲ.

ನಿನ್ನ ಅಪ್ಪಣೆಯಂತೆ ಕಾಗದವನ್ನು ಕೊನೆಯವರೆಗೂ ಓದಿದೆ. ಕಳ್ಳ ಎಂಬುದೊಂದನ್ನು ಬಿಟ್ಟು ಉಳಿದೆಲ್ಲ ಬೈಗುಳ ಹಳೆಯವೇ.

ಆಸ್ಪತ್ರೆಯಲ್ಲಿ ನೀನು ಮಗ್ಗುಲು ಬದಲಿಸಲು ನರ್ಸನ್ನು ಕರೆಯುತ್ತಿದ್ದೆ. ಕಾಯಿಲೆ ಕಣ್ಣಿಗೂ ಹತ್ತಿ, ಕಣ್ಣು ಕೆಂಡದಂತಾಗಿ ಬೆಳಕು ನೋಡಲು ಆಗುತ್ತಿರಲಿಲ್ಲ. ಆ ಸ್ಥಿತಿಯಲ್ಲೂ ಡಾಕ್ಟರನ್ನು ನೀನು ಮೊದಲು ಕೇಳಿದ್ದು ಯಾವಾಗ ಕುದುರೆ ಹತ್ತಬಹುದು ಎಂದು. ನಾನು ಬಾಗಿಲಲ್ಲೇ ನಿಂತಿದ್ದೆ. ಅವರು ಹೇಳಿದ್ದು ಇಂಗ್ಲಿಷಿನಲ್ಲಿ, ಆದರೂ ನನಗೆ ತಿಳಿಯಿತು. ಒಮ್ಮೆ ಹತ್ತಿ ಬಿಡುತ್ತೇನೆ ಎನ್ನುತ್ತೀ. ನೀನು ಯಾವುದನ್ನು ಒಮ್ಮೆಗೆ ಬಿಟ್ಟಿದ್ದೀ? ಎಂಟನೆಯ ಇಯತ್ತೆಯಲ್ಲಿ ಗೋಡೆ ಹತ್ತಿ ಕೈ ಮುರಿದುಕೊಂಡವಳು, ಪ್ಲಾಸ್ಟರ್ ಬಿಚ್ಚಿದ ಮರುದಿನ ಅದೇ ಗೋಡೆಯ ಮೇಲಿದ್ದೆ. ಈಗ ಮುರಿಯುವುದು ಕೈಯಲ್ಲ.

ಕುದುರೆಯನ್ನು ಒಳ್ಳೆಯವರ ಕೈಗೆ ಕೊಟ್ಟಿದ್ದೇನೆ. ಮೇವಿಗೆ ನೀರಿಗೆ ಕೊರತೆಯಿಲ್ಲ. ಎಲ್ಲಿ ಎಂದು ಹೇಳುವುದಿಲ್ಲ. ಹೇಳಿದರೆ ಸಂಜೆಯೊಳಗೆ ನೀನು ಅದರ ಬೆನ್ನ ಮೇಲಿರುತ್ತೀ.

ಹಗ್ಗವನ್ನು ಮರೆತು ಕೊಟ್ಟೆನೆಂದು ತಿಳಿಯಬೇಡ. ಮರೆವಿನ ವಯಸ್ಸು ನನಗಿನ್ನೂ ಬಂದಿಲ್ಲ. ತಿಳಿದೇ ಕೊಟ್ಟೆ. ಆ ಕುದುರೆಯಾಗಲಿ ಇನ್ನೊಂದಾಗಲಿ ಈ ಮನೆಗೆ ಮತ್ತೆ ಬರುವುದು ಬೇಡ.

ಮಾತ್ರೆಯನ್ನು ಊಟದ ಮೇಲೆ ತೆಗೆದುಕೋ. ಬರೀ ಹೊಟ್ಟೆಯಲ್ಲಿ ನುಂಗಬೇಡ.

ನಿನ್ನ ತಂದೆ,
ದತ್ತಾತ್ರೇಯ

(ಇಲ್ಲಿ ಜಾಗ ಉಳಿದಿತ್ತು, ನಾ ಎರಡು ಸಾಲು ಬರದೀನಿ. ಅವರ ಮ್ಯಾಲೆ ಸಿಟ್ಟಿದ್ರ ಇರಲಿ, ನನ್ನ ಮ್ಯಾಲೆ ಯಾಕ? ಹೋಳಿಗಿ ಮಾಡಿದ್ದೆ, ಯಾರೂ ತಿನ್ನಲಿಲ್ಲ. ನಿನ್ನ ಅವ್ವ.)

ಮಣಿಕೊಂಡ
10 ಜುಲೈ 2005

ಅಪ್ಪಾ,

ಗೋಡೆಯ ಕಥೆ ಬರೆದಿದ್ದೀರಿ. ಹೌದು, ಮರುದಿನ ಮತ್ತೆ ಹತ್ತಿದ್ದೆ. ಆ ದಿನ ನೀವು ಗೋಡೆ ಕೆಡವಿಸಲಿಲ್ಲವಲ್ಲ. ಕೆಳಗೆ ನಿಂತು, "ಎಡಗಾಲು ಇಡು, ಆ ಇಟ್ಟಿಗಿ ಗಟ್ಟಿ ಐತಿ" ಎಂದು ಹೇಳಿಕೊಟ್ಟಿರಿ. ಆ ಅಪ್ಪ ಎಲ್ಲಿಗೆ ಹೋದರು?

ನಿಮಗೊಂದು ಪ್ರಶ್ನೆ. ನಾನು ಹುಟ್ಟಿದಾಗಿನಿಂದ ನಿಮ್ಮ ಬೆನ್ನು ಗೂನು. ಕತ್ತು ತಿರುಗಿಸಬೇಕೆಂದರೆ ಇಡೀ ಮೈ ತಿರುಗಿಸುತ್ತೀರಿ. ಓಣಿಯವರೆಲ್ಲ ಅದಕ್ಕೆ ಕಾರ್ಖಾನೆಯ ಬೆನ್ನು ಅನ್ನುತ್ತಿದ್ದರು, ಹಗಲೆಲ್ಲ ಕಬ್ಬಿಣ ಕಡೆಯುವ ಲೇಥ್ ಯಂತ್ರದ ಮೇಲೆ ಬಗ್ಗಿ ಬಗ್ಗಿ ಹೀಗಾಯಿತು ಎಂದು ನೀವೂ ಅನ್ನುತ್ತಿದ್ದಿರಿ. ಮನೆಯಲ್ಲಿ ಯಾರಿಗಾದರೂ ಬೆನ್ನಿನ ತೊಂದರೆ ಇದೆಯೇ ಎಂದು ಡಾಕ್ಟರು ಕೇಳಿದಾಗ ನಾನು ಇಲ್ಲ ಎಂದೆ. ಮೂರ್ಖಳಂತೆ ಇಲ್ಲ ಎಂದೆ! ಮೊನ್ನೆ ಬೆಳಿಗ್ಗೆ ಹಾಸಿಗೆಯಿಂದ ಎದ್ದು ಗೋಡೆ ಹಿಡಿದುಕೊಂಡು ಬಚ್ಚಲಿಗೆ ಹೋದೆ. ಕನ್ನಡಿಯಲ್ಲಿ ನೋಡಿದರೆ ಅಲ್ಲಿ ನೀವು ನಿಂತಿದ್ದಿರಿ. ಅದೇ ಗೂನು, ಅದೇ ಮುಂದೆ ಚಾಚಿದ ಕತ್ತು. ಡಾಕ್ಟರಿಗೆ ಹೇಳಿದೆ. ಇದು ವಂಶದಲ್ಲಿ ಇಳಿದು ಬರುವ ಕಾಯಿಲೆಯಂತೆ. ಲೇಥಿಗೂ ಇದಕ್ಕೂ ಸಂಬಂಧವೇ ಇಲ್ಲವಂತೆ.

ಬೆನ್ನು ಕೊಟ್ಟದ್ದಕ್ಕೆ ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ. ಅದು ನಿಮ್ಮ ಕೈಯಲ್ಲಿರಲಿಲ್ಲ. ಆದರೆ ಆ ಬೆನ್ನು ಇಟ್ಟುಕೊಂಡು ನೀವು ನಿವೃತ್ತಿಯವರೆಗೆ ಕಾರ್ಖಾನೆಗೆ ಹೋದಿರಿ. ನೋವು ಎಂದಿರಿ ಅಂತ ಯಾರಾದರೂ ನಿಮ್ಮ ಲೇಥ್ ಎತ್ತಿಕೊಂಡು ಹೋದರೇ? ಎತ್ತಿಕೊಂಡು ಹೋಗಿ, ಎಲ್ಲಿದೆ ಹೇಳುವುದಿಲ್ಲ ಎಂದರೇ?

ಆಫೀಸಿನಲ್ಲಿ ಎಲ್ಲರೂ ಬಹಳ ಒಳ್ಳೆಯವರಾಗಿಬಿಟ್ಟಿದ್ದಾರೆ. ನನಗೊಂದು ಹೊಸ ಕುರ್ಚಿ ತರಿಸಿಕೊಟ್ಟಿದ್ದಾರೆ. ಅಮೆರಿಕದವರ ಜೊತೆಗಿನ ಫೋನ್ ಕಾಲ್ ನಡುವೆ ನಾನು ಎದ್ದು ನಿಂತರೆ ಎಲ್ಲರೂ ಕರುಣೆಯಿಂದ ನೋಡುತ್ತಾರೆ. ಆ ಕರುಣೆ ಕಂಡರೆ ಮೈ ಉರಿಯುತ್ತದೆ. ಶೇಂಗಾ ಹಾಗೆ ನೋಡುತ್ತಿರಲಿಲ್ಲ. ನಾನು ತಡವಾಗಿ ಹೋದರೆ ಕಾಲು ಕೆರೆಯುತ್ತಿದ್ದಳು, ಬಕೆಟ್ ಒದೆಯುತ್ತಿದ್ದಳು. ಅವಳ ಮೇಲೆ ಕೂತು ನಡಿಗೆಗೆ ಬಿಟ್ಟರೆ ಬೆಳಗಿನ ಬಿಗಿತವೆಲ್ಲ ಸೊಂಟದಿಂದ ಇಳಿದು ಹೋಗುತ್ತಿತ್ತು. ಇಡೀ ದಿನದಲ್ಲಿ ನೋವಿಲ್ಲದ ಹೊತ್ತು ಅದೊಂದೇ ಇತ್ತು. ಅದು ಹೋಗಬೇಕು, ಸರಿ, ಹೋಗಲಿ. ಆದರೆ ನನಗೆ ಹೇಳಿ ಹೋಗಬೇಕಿತ್ತು.

ವಿಳಾಸ ಬರೆಯುವವರೆಗೆ ನಾನು ಆ ಮನೆಗೆ ಕಾಲಿಡುವುದಿಲ್ಲ. ನಾಗರಪಂಚಮಿಗೂ ಬರುವುದಿಲ್ಲ, ದಸರೆಗೂ ಬರುವುದಿಲ್ಲ. ಅವ್ವನಿಗೆ ನೀವೇ ಹೇಳಿ.

ಶುಭಾ

ಕೂಕಟ್‌ಪಲ್ಲಿ
20 ಸೆಪ್ಟೆಂಬರ್ 2005

ಮಗಳ ಶುಭಾಗ ನಿನ್ನ ಅವ್ವನ ಆಶೀರ್ವಾದ.

ನಿಮ್ಮಿಬ್ಬರ ಹಂಗ ನನಗ ಪುಸ್ತಕದ ಮಾತು ಬರೂದಿಲ್ಲ. ಬಾಯಾಗ ಬಂದಂಗ ಬರಿಯಾಕತ್ತೀನಿ. ಅವರು ಹಾಲು ತರಾಕ ಹೋಗ್ಯಾರ, ಬರೂದ್ರಾಗ ಮುಗಿಸಬೇಕು.

ನಿನ್ನ ಕಾಗದ ಬಂದ ದಿನ ಅವರು ಊಟ ಮಾಡಲಿಲ್ಲ. ಮರುದಿನ ಒಬ್ಬರೇ ಹೋಗಿ ಆ ನಿನ್ನ ಡಾಕ್ಟರ್ ಹತ್ರನೇ ಬೆನ್ನಿನ ಎಕ್ಸ್‌ರೇ ತೆಗಿಸ್ಕೊಂಡು ಬಂದಾರ. ಮನಿಗೆ ಬಂದವರು ದವಾಖಾನಿಂದ ತಂದಿಟ್ಟಿದ್ದ ನಿನ್ನ ಫೋಟೊ, ತಮ್ಮ ಫೋಟೊ ಎರಡೂ ಕಿಡಕಿಗೆ ಹಿಡಿದು ನೋಡಿದ್ರು. ನಾನೂ ನೋಡಿದೆ. ಅವರ ಬೆನ್ನೆಲುಬು ಬಿದಿರಿನ ಗಳದಂಗ ಒಂದಾಗಿಬಿಟ್ಟೈತಿ. ನಿಂದು ಇನ್ನೂ ಅಷ್ಟಾಗಿಲ್ಲ. ಬಚ್ಚಲದಾಗ ಹೋಗಿ ನಳ ಬಿಟ್ಟು ಅತ್ತರು. ನಳ ಬಿಟ್ಟರ ನನಗ ಕೇಳೂದಿಲ್ಲ ಅಂತ ತಿಳಕೊಂಡಾರ.

ನೀ ಲೇಥ್ ಯಾರು ಎತ್ತಿಕೊಂಡು ಹೋದರು ಅಂತ ಕೇಳಿದ್ದಿ. ಎತ್ತಿಕೊಂಡು ಹೋಗಿದ್ರು ಮಗಳ. ನೀ ಆಗ ಸಣ್ಣಾಕಿ. ಒಂದು ದಿನ ಕೆಲಸಕ್ಕ ಹೋದರ ಇವರ ಮಷಿನ್ ಮುಂದ ಮೋಹನ ಅಂತ ಹೊಸ ಹುಡುಗ ನಿಂತಿದ್ದ. ನಿಮ್ಮ ಬೆನ್ನು ಸರಿ ಇಲ್ಲ, ಇನ್ನ ಮ್ಯಾಲೆ ಸಾಮಾನಿನ ಕೋಣಿಯೊಳಗ ಕೂಡ್ರಿ ಅಂತ ಹೇಳಿದ್ರಂತ. ಇವರನ್ನ ಒಂದು ಮಾತು ಕೇಳಲಿಲ್ಲ. ಅವತ್ತಿನಿಂದ ನಿವೃತ್ತಿ ಆಗೂತನಕ ಪಾನಾ, ನಟ್ಟು, ಬೋಲ್ಟು ಕೊಡೂದು, ಇಸ್ಕೊಳ್ಳೂದು, ಇಷ್ಟ ಕೆಲಸ. ಇನ್ನೂ ಲೇಥ್ ಮ್ಯಾಲೇ ಅದೀನಿ ಅಂತ ಓಣ್ಯಾಗ ಹೇಳತಿದ್ರು, ನಾನೂ ಸುಮ್ಮನಿದ್ದೆ. ಮನಷ್ಯಾಗ ಒಂದು ಮರ್ಯಾದಿ ಇರತೈತಲ್ಲ.

ದೇವರ ಕೋಣಿ ಬಾಗಲಕ್ಕ ನೇತು ಹಾಕಿದ್ದ ಆ ಕಬ್ಬಿಣದ ಚಾವಿ ನೆನಪೈತಿಲ್ಲೋ? ನಾವೆಲ್ಲ ಬೆಲ್ಲ ಒಡಿಯಾಕ ತಗೋತಿದ್ವಿ. ಅದು ಆ ಲೇಥಿಂದು. ಕಡಿಯಾಕ ಹಾಕಿದ ಕಬ್ಬಿಣದ ತುಂಡು ಬಿಗಿ ಮಾಡೂ ಚಾವಿ. ಅವತ್ತು ಕಿಸೆದಾಗ ಹಾಕ್ಕೊಂಡು ಮನಿಗೆ ಬಂದಿದ್ರು. ಬೇಕಾದ್ರ ಕಾರ್ಖಾನಿಯವರು ಹೊಸ ಚಾವಿ ಮಾಡಿಸ್ಕೊಳ್ಳಲಿ ಅಂದ್ರು. ಅವರು ಜನ್ಮದಾಗ ಕಾರ್ಖಾನಿಂದ ತಂದದ್ದು ಅದೊಂದೇ.

ತಮಗ ಮಾಡಿದ್ದನ್ನೇ ನಿನಗ ಮಾಡ್ಯಾರ. ಭಾಳ ಸಿಟ್ಟು ಬಂತು ನನಗ. ಮಾರಿ ಮ್ಯಾಲೆ ಹೇಳಿದೆ.

ನಿನ್ನ ಕುದುರಿ ಬಂಡೆಪ್ಪನ ಹತ್ರ ಐತಿ. ಇವರ ಜೋಡಿ ಕಾರ್ಖಾನ್ಯಾಗ ಇದ್ದ, ಈಗ ಸದಾಶಿವಪೇಟದ ಹೊರಗ ಹೊಲ ಮಾಡ್ಕೊಂಡಿದ್ದಾನ. ಹೆದ್ದಾರಿ ಮ್ಯಾಲೆ ಇಳಿದು ಯಾರನ್ನ ಕೇಳಿದರೂ ಕುದುರಿ ಬಂಡೆಪ್ಪ ಅಂತ ತೋರಸ್ತಾರ.

ಗೇಟಿನ ಸಪ್ಪಳ ಆತು. ಸಾಕು.

ನಿನ್ನ ಅವ್ವ,
ಕೃಷ್ಣಾಬಾಯಿ

ಮಣಿಕೊಂಡ
9 ಅಕ್ಟೋಬರ್ 2005

ಅಪ್ಪಾ,

ಸದಾಶಿವಪೇಟಕ್ಕೆ ಹೋಗಿದ್ದೆ. ವಿಳಾಸ ಯಾರು ಕೊಟ್ಟರೆಂದು ನಿಮಗೆ ಗೊತ್ತಾಗಿಯೇ ಇರುತ್ತದೆ. ಅವ್ವನಿಗೆ ಏನಾದರೂ ಅಂದರೆ ನೋಡಿ.

ಬಂಡೆಪ್ಪ ಕಾಕಾ ಹತ್ತಿಯ ಹೊಲದ ಬದುವಿನಲ್ಲಿ ನನ್ನನ್ನು ನೋಡಿ ಗಾಬರಿಯಾದರು. ಶೇಂಗಾ ಬೇವಿನ ಕೆಳಗಿದ್ದಳು. ಹಣೆಯ ಮೇಲೆ ಕನ್ನಡಿ ಚೂರಿನ ಪಟ್ಟಿ, ಕೊರಳಲ್ಲಿ ಗೆಜ್ಜೆ. ನನ್ನ ತಲೆ ಕೆಟ್ಟಿತು. ಮದುವೆಯ ಗಂಡುಗಳನ್ನು ಹೊರುವುದಕ್ಕೇ ನನ್ನ ಕುದುರೆಯನ್ನು ತಂದದ್ದಾ ಎಂದು ಕೂಗಾಡಿದೆ. ಅವರು ಕೈ ಮುಗಿದು, "ಒಂದ ಮದುವಿಗೆ ಒಯ್ದಿದ್ವಿರೀ, ಬ್ಯಾಂಡಿನ ಸಪ್ಪಳಕ್ಕ ಮದುಮಗನ್ನ ಕೆಡವಿ ಓಡಿ ಬಂತು. ಮತ್ತ ಯಾರೂ ಕೇಳಾಕ ಬಂದಿಲ್ಲ. ಆ ಗೆಜ್ಜಿ ಮಾತ್ರ ಚಂದ ಕಾಣತೈತಿ ಅಂತ ಬಿಟ್ಟೀನಿ" ಎಂದರು. ಕೂಗಾಡುತ್ತಿದ್ದವಳು ನಕ್ಕೆ. ಆಮೇಲೆ ಶೇಂಗಾ ನನ್ನ ದುಪಟ್ಟಾ ಬಾಯಲ್ಲಿ ಹಿಡಿದು ಜಗ್ಗಿದಳು. ಮರೆತಿರಲಿಲ್ಲ.

ಹತ್ತಿದೆ. ಈ ಸಾಲು ಓದುತ್ತ ನೀವು ಎದ್ದು ನಿಲ್ಲುತ್ತೀರಿ. ಕೂತುಕೊಳ್ಳಿ, ಬಿದ್ದಿಲ್ಲ.

ಬಾವಿಯ ಕಟ್ಟೆಯಿಂದ ಹತ್ತಿದೆ. ಹೊಲದ ಸುತ್ತ ನಡಿಗೆಯಲ್ಲಿ ಒಂದು ಸುತ್ತು. ಮೊದಲಿನಂತೆ ಬೆನ್ನು ಸಡಿಲವಾಗುತ್ತದೆ ಎಂದು ಕಾದೆ. ಆಗಲಿಲ್ಲ. ಅವಳ ಒಂದೊಂದು ಹೆಜ್ಜೆಯೂ ಸೊಂಟದಲ್ಲಿ ಬಡಿದು ಕತ್ತಿಗೆ ಹತ್ತಿತು. ಹಿಂದಿನಿಂದ ಟ್ರ್ಯಾಕ್ಟರ್ ಬಂತು, ಕತ್ತು ತಿರುಗಿಸಿ ನೋಡಲು ಆಗಲಿಲ್ಲ. ನನಗೆ ಹೆದರಿಕೆಯಾಯಿತು, ಅಪ್ಪಾ. ಕುದುರೆಯ ಮೇಲೆ ನಾನು ಯಾವತ್ತೂ ಹೆದರಿದವಳಲ್ಲ. ಹೆದರಿಕೆ ನನ್ನ ಕಾಲಿನಿಂದ ಅವಳಿಗೂ ತಿಳಿಯಿತು. ಕಿವಿ ಹಿಂದೆ ಮಾಡಿ ನಿಂತುಬಿಟ್ಟಳು.

ಇಳಿಯುವಾಗ ಬಲಗಾಲು ಮೇಲೆ ಏಳಲಿಲ್ಲ. ಅಲ್ಲೇ ಸಿಕ್ಕಿಕೊಂಡೆ. ಬಂಡೆಪ್ಪ ಕಾಕಾ ಓಡಿ ಬಂದರು. "ಮುಟ್ಟಬ್ಯಾಡ್ರಿ!" ಎಂದು ಚೀರಿದೆ. ಅವಳ ಕೊರಳ ಮೇಲೆ ಮಲಗಿ, ಕೂದಲು ಹಿಡಿದುಕೊಂಡು, ಸ್ವಲ್ಪ ಸ್ವಲ್ಪವೇ ಜಾರಿದೆ. ಬಹಳ ಹೊತ್ತು ಹಿಡಿಯಿತು. ಅಳುತ್ತಲೇ ಜಾರಿದೆ. ಅವಳು ಅಲುಗಲಿಲ್ಲ. ಕಾಲು ನೆಲಕ್ಕೆ ತಾಗಿದಾಗ ನನಗೆ ಗೊತ್ತಾಯಿತು, ಇದು ಮುಗಿಯಿತು. ಡಾಕ್ಟರು ಹೇಳಿದ್ದಕ್ಕಲ್ಲ, ನೀವು ಬಚ್ಚಿಟ್ಟದ್ದಕ್ಕೂ ಅಲ್ಲ. ನಾನು ಇಳಿದೆ, ಅದಕ್ಕೆ ಮುಗಿಯಿತು. ಜೂನ್‌ನಲ್ಲೇ ನನ್ನನ್ನು ಇಳಿಯಲು ಬಿಟ್ಟಿದ್ದರೆ ಇಷ್ಟು ತಿಂಗಳು ನಾನು ಕನಸಿನಲ್ಲಿ ಹತ್ತುತ್ತಿರಲಿಲ್ಲ.

ಮೈ ತಿಕ್ಕಿದೆ. ಗೆಜ್ಜೆ ಇರಲಿ ಎಂದೆ. ಆಮೇಲೆ, ಕೊಡುವುದನ್ನು ಸರಿಯಾಗಿ ಕೊಡೋಣ ಎಂದು ನಿಮ್ಮ ಹಗ್ಗ ಬಿಚ್ಚಲು ಹೋದೆ. ಅವಳ ಕೊರಳಲ್ಲಿ ಇದ್ದದ್ದು ನೀಲಿ ಬಣ್ಣದ ನೈಲಾನ್ ಹಗ್ಗ.

"ಇದು ನಂದರೀ," ಎಂದರು ಬಂಡೆಪ್ಪ ಕಾಕಾ. "ನಿಮ್ಮಪ್ಪಾರು ತಮ್ಮ ಹಗ್ಗ ಅವತ್ತ ಬಿಚ್ಚಿಕೊಂಡ ಹೋದ್ರಲ್ಲ. ಗಂಟು ಬಿಚ್ಚವಲ್ದಾಗಿತ್ತು. ನಾ ಬಿಚ್ಚತೀನಿ ಅಂದ್ರ ಮುಟ್ಟಬ್ಯಾಡೋ ಅಂತ ಬೈದ್ರು. ಅಪ್ಪಂದೂ ಮಗಳದೂ ಒಂದೇ ಮಾತಾತು ನೋಡ್ರಿ."

ತಿಳಿದೇ ಕೊಟ್ಟೆ ಎಂದು ಬರೆದಿದ್ದಿರಿ! ಮರೆವಿನ ವಯಸ್ಸು ಬಂದಿಲ್ಲ ಎಂದು ಬರೆದಿದ್ದಿರಿ! ಇಷ್ಟು ತಿಂಗಳು ನನ್ನನ್ನು ಉರಿಸಿದ್ದು ಕುದುರೆ ಹೋದದ್ದಕ್ಕಿಂತ ಹೆಚ್ಚಾಗಿ ಆ ಒಂದು ಸಾಲು. ಸುಳ್ಳು ಹೇಳಲು ನಿಮಗೆ ಬೇರೆ ಏನೂ ಸಿಗಲಿಲ್ಲವೇ? ಹಗ್ಗವನ್ನು ಕೊರಳಿಂದ ಬಿಚ್ಚಿಕೊಳ್ಳುವಾಗ ನಿಮ್ಮ ಮನಸ್ಸಿನಲ್ಲಿ ಏನಿತ್ತು? ಕುದುರೆ ಮತ್ತೆ ಬರಲಿ ಎಂದು ತಾನೇ? ಹಾಗಿದ್ದರೆ ಅದನ್ನು ನನಗೆ ಹೇಳಲು ನಿಮಗೆ ಏನು ರೋಗ?

ಕುದುರೆಯನ್ನು ನಾನು ಬಂಡೆಪ್ಪ ಕಾಕಾ ಅವರಿಗೆ ಕೊಟ್ಟಿದ್ದೇನೆ. ಈಗ ಕೊಟ್ಟೆ, ನನ್ನ ಕೈಯಾರೆ. ಹಗ್ಗ ನನ್ನದು. ಪಾರ್ಸೆಲ್ ಮಾಡಿ ಕಳಿಸಿ.

ಶುಭಾ

ಕೂಕಟ್‌ಪಲ್ಲಿ
16 ಅಕ್ಟೋಬರ್ 2005

ಚಿ. ಶುಭಾಳಿಗೆ ಆಶೀರ್ವಾದಗಳು.

ಹಗ್ಗ ಕಳಿಸುವುದಿಲ್ಲ. ಹಗ್ಗ ಮನೆಯಲ್ಲಿ ಇರಬೇಕಾದದ್ದು, ಅಂಚೆಯಲ್ಲಿ ಓಡಾಡಬೇಕಾದದ್ದಲ್ಲ. ಯಾವುದು ನಿನ್ನ ಮನೆ ಎಂಬುದನ್ನು ನೀನೇ ತೀರ್ಮಾನಿಸು.

ನೀನು ಹತ್ತಿದೆ ಎಂಬ ಸಾಲಿನಲ್ಲಿ ನಾನು ಎದ್ದು ನಿಂತದ್ದು ನಿಜ. ಉಳಿದದ್ದನ್ನು ನಿಂತೇ ಓದಿದೆ. ಬಾವಿಯ ಕಟ್ಟೆಯಿಂದ ಹತ್ತಿದ್ದೀ. ಆ ಕಟ್ಟೆಯ ಮೂಲೆಯ ಕಲ್ಲು ಅಲುಗುತ್ತದೆ. ನಾನು ನಿಂತು ನೋಡಿದ್ದೇನೆ. ಯಾರಿಗೂ ಹೇಳದೆ ಹೋಗಿ ಹತ್ತಿದ್ದು ಶುದ್ಧ ಹುಚ್ಚುತನ. ಇದನ್ನು ನಾನು ಸುಮ್ಮನೆ ಬಿಡುವುದಿಲ್ಲ.

ನಿನ್ನನ್ನು ಕೇಳದೆ ಒಯ್ದದ್ದು ತಪ್ಪಾಯಿತು ಎಂದು ಬರೆಯಿರಿ ಎಂದು ನಿಮ್ಮವ್ವ ಬೆಳಗಿನಿಂದ ಪಕ್ಕದಲ್ಲೇ ಕೂತಿದ್ದಾಳೆ. ನಾನು ಬರೆಯುವುದಿಲ್ಲ. ಅಂಥ ಮಾತು ಕಾಗದದಲ್ಲಿ ಬರೆಯುವುದಲ್ಲ. ಹಗ್ಗದ ವಿಷಯ ಬೇರೆ. ಕುದುರೆ ಹತ್ತುವವಳು ತಾನಾಗಿ ಇಳಿದ ಮೇಲೆಯೇ ಕೊಟ್ಟಂತೆ ಎಂದು ಅವತ್ತು ಬೇವಿನ ಕೆಳಗೆ ನಿಂತಾಗ ತಿಳಿಯಿತು. ಅದಕ್ಕೇ ಹಗ್ಗ ಬಿಚ್ಚಿ ತಂದೆ; ಹಾಗೆಂದು ಬರೆದರೆ ನೀನು ಆಸೆ ಇಟ್ಟುಕೊಳ್ಳುತ್ತೀ ಎಂದು ಸುಳ್ಳು ಬರೆದೆ. ತಿಳಿದ ಮೇಲೂ ಕುದುರೆಯನ್ನು ವಾಪಸು ಕರೆತರಲು ನನಗೆ ಧೈರ್ಯ ಬರಲಿಲ್ಲ. ನೀನು ಬೀಳುತ್ತೀ ಎಂಬ ಹೆದರಿಕೆ ಇತ್ತು. ಈಗಲೂ ಇದೆ.

ಹಗ್ಗ ದೇವರ ಕೋಣೆಯ ಬಾಗಿಲಲ್ಲಿದೆ. ಲೇಥಿನ ಚಾವಿಯ ಪಕ್ಕಕ್ಕೆ ಇನ್ನೊಂದು ಮೊಳೆ ಹೊಡೆದಿದ್ದೇನೆ. ನಿನ್ನ ಅವ್ವ ಇನ್ನು ಮುಂದೆ ಬೆಲ್ಲವನ್ನು ಒರಳಲ್ಲಿ ಒಡೆಯುತ್ತಾಳಂತೆ.

ಭಾನುವಾರ ಬಾ. ಬಾಗಿಲಲ್ಲಿ ಕಾಲಿಗೆ ಬೀಳಲು ಹೋಗಬೇಡ. ನಿನಗೆ ಬಗ್ಗಲು ಬರುವುದಿಲ್ಲ, ನಿನ್ನನ್ನು ಎತ್ತಲು ನನಗೂ ಬಗ್ಗಲು ಬರುವುದಿಲ್ಲ. ಇಬ್ಬರೂ ನಿಂತುಕೊಂಡೇ ಜಗಳವಾಡೋಣ.

ನಿನ್ನ ತಂದೆ,
ದತ್ತಾತ್ರೇಯ